ಪಗಾರ ಇಲ್ಲದ ಮೊದಲ ಕೆಲಸ: ಒಪ್ಪಬೇಕೆ, ಬೇಡವೆ?

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಈ ಗಾದೆಯ ಕಷ್ಟ ಇವತ್ತು ಚೆನ್ನಾಗಿ ಗೊತ್ತಿರುವುದು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರಿಗೆ. ಅನುಭವ ಇಲ್ಲವೆಂದು ಕೆಲಸ ಕೊಡುವುದಿಲ್ಲ, ಕೆಲಸ ಸಿಗದೆ ಅನುಭವ ಬರುವುದಿಲ್ಲ. ‘ಫ್ರೆಶರ್ ಬೇಕಾಗಿದ್ದಾರೆ, ಕನಿಷ್ಠ ಒಂದು ವರ್ಷದ ಅನುಭವ ಕಡ್ಡಾಯ’ ಎಂಬ ಜಾಹೀರಾತು ನೋಡಿ ನಗುವಷ್ಟು ಹಗುರ ಮನಸ್ಸೂ ಅವರಿಗಿಲ್ಲ. ಕೊನೆಗೆ ಹಲವರು ಹಿಡಿಯುವ ದಾರಿ, ಮೂರು ತಿಂಗಳೋ ಆರು ತಿಂಗಳೋ ಸಂಬಳವಿಲ್ಲದೆ ದುಡಿದು ಒಂದು ಸರ್ಟಿಫಿಕೇಟ್ ಸಂಪಾದಿಸುವುದು. ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ, ವಕೀಲರ ಕಚೇರಿಗಳಲ್ಲಿ, ಟಿ.ವಿ. ಚಾನೆಲ್‌ಗಳಲ್ಲಿ, ತಾಲ್ಲೂಕು ಊರುಗಳ ಅಕೌಂಟ್ಸ್ ಆಫೀಸುಗಳಲ್ಲಿ ಇದು ನಡೆದೇ ಇದೆ.

ಇದು ಒಪ್ಪಬಹುದಾದ ದಾರಿಯೇ? ಪರವಾಗಿ ಬರೆದವರು ಹುಬ್ಬಳ್ಳಿಯಲ್ಲಿ ತೆರಿಗೆ ಸಲಹಾ ಕಚೇರಿ ನಡೆಸುವವರು. ವಿರೋಧವಾಗಿ ಬರೆದವರು ಗದಗ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ವಾಣಿಜ್ಯ ಉಪನ್ಯಾಸಕಿ. ಅಲ್ಲಿನ ಪ್ಲೇಸ್‌ಮೆಂಟ್ ಸೆಲ್ ನೋಡಿಕೊಳ್ಳುವವರೂ ಅವರೇ. ಮೊದಲ ಬರಹವನ್ನು ಓದಿಕೊಂಡೇ ಅವರು ಉತ್ತರ ಬರೆದಿದ್ದಾರೆ. ಆಮೇಲೆ ಇಬ್ಬರಿಗೂ ಒಂದೊಂದು ಮರುಮಾತಿಗೆ ಜಾಗ ಕೊಟ್ಟಿದ್ದೇವೆ.

ಪರ: ಕಲಿಸುವುದಕ್ಕೂ ಖರ್ಚಿದೆ

ರಿಸಲ್ಟ್ ಬಂದ ಮೇಲಿನ ವಾರಗಳಲ್ಲಿ ನಮ್ಮಂಥ ಆಫೀಸುಗಳ ಮೆಟ್ಟಿಲು ಹತ್ತುವ ಹೊಸಬರು ಹೆಚ್ಚುತ್ತಾರೆ. ಪ್ಲಾಸ್ಟಿಕ್ ಫೈಲಿನಲ್ಲಿ ಮಾರ್ಕ್ಸ್ ಕಾರ್ಡು, ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ಬಯೋಡೇಟಾ. ಅರ್ಧದಷ್ಟು ಜನ ಬಾಗಿಲಲ್ಲೇ ಹೇಳಿಬಿಡುತ್ತಾರೆ: ‘ಸರ್, ಪಗಾರ ಏನೂ ಬ್ಯಾಡ್ರಿ, ಕೆಲಸ ಕಲಸ್ರಿ ಸಾಕು.’ ಈ ಮಾತನ್ನು ನಾನು ಅವರ ಬಾಯಲ್ಲಿ ಹಾಕಿದ್ದಲ್ಲ. ತಮಗೆ ಏನು ಬರುವುದಿಲ್ಲ ಎಂಬುದು ಅವರಿಗೇ ಗೊತ್ತಿರುತ್ತದೆ.

ಏನು ಬರುವುದಿಲ್ಲ? ಫಸ್ಟ್ ಕ್ಲಾಸಿನಲ್ಲಿ ಪಾಸಾದ ಬಿ.ಕಾಂ. ಹುಡುಗನಿಗೆ ಜರ್ನಲ್ ಎಂಟ್ರಿ ಬರೆಯಲು ಬರುತ್ತದೆ. ಒಂದು ಅಸಲಿ ಖರೀದಿ ಬಿಲ್ ಕೈಗೆ ಕೊಟ್ಟು, ‘ಇದರಲ್ಲಿ ಐಜಿಎಸ್‌ಟಿ ಯಾಕೆ ಹಾಕಿದ್ದಾರೆ, ಸಿಜಿಎಸ್‌ಟಿ ಯಾಕಿಲ್ಲ?’ ಎಂದು ಕೇಳಿದರೆ ನನ್ನ ಮುಖ ನೋಡುತ್ತಾನೆ. ಮಾಲು ಇಚಲಕರಂಜಿಯಿಂದ ಬಂದಿದೆ, ರಾಜ್ಯದ ಗಡಿ ದಾಟಿದೆ, ಅದಕ್ಕೆ ಐಜಿಎಸ್‌ಟಿ ಎಂದು ಹೇಳಿದರೆ ಅರ್ಧ ನಿಮಿಷದಲ್ಲಿ ಹಿಡಿಯುತ್ತಾನೆ. ಹುಡುಗ ದಡ್ಡನಲ್ಲ. ಮೂರು ವರ್ಷದಲ್ಲಿ ಯಾರೂ ಅವನಿಗೆ ನಿಜವಾದ ಬಿಲ್ ತೋರಿಸಿಲ್ಲ, ಅಷ್ಟೆ. ಅಂಥ ಅರ್ಧ ನಿಮಿಷಗಳು ದಿನಕ್ಕೆ ಎಷ್ಟು ಬೇಕಾಗುತ್ತವೆ ಎಂಬುದು ಕಲಿಸಿದವರಿಗೇ ಗೊತ್ತು.

ನಮ್ಮ ಕೆಲಸ ತಾರೀಕಿನ ಮೇಲೆ ನಿಂತದ್ದು. 7ಕ್ಕೆ ಟಿಡಿಎಸ್ ಕಟ್ಟಬೇಕು. ತಿಂಗಳ ರಿಟರ್ನ್ ಹಾಕುವ ವ್ಯಾಪಾರಿಗಳದ್ದು 11ಕ್ಕೆ ಜಿಎಸ್‌ಟಿಆರ್-1. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ಬರುತ್ತದೆ; ಅದನ್ನು ವ್ಯಾಪಾರಿಯ ಖರೀದಿ ಲೆಕ್ಕದ ಜೊತೆ ತಾಳೆ ನೋಡಿ 20ರೊಳಗೆ 3ಬಿ ರಿಟರ್ನ್ ಮುಗಿಸಬೇಕು. ಒಂದು ಜಿಎಸ್‌ಟಿ ನಂಬರಿನಲ್ಲಿ ಒಂದಕ್ಷರ ತಪ್ಪು ಟೈಪಾದರೂ ನಮ್ಮ ಪಾರ್ಟಿಯಿಂದ ಮಾಲು ಕೊಂಡವನಿಗೆ ಸಿಗಬೇಕಾದ ಕ್ರೆಡಿಟ್ ಸಿಗುವುದಿಲ್ಲ, ಅವನು ಪಾರ್ಟಿಗೆ ಬೈಯುತ್ತಾನೆ, ಪಾರ್ಟಿ ನಮಗೆ ಬೈಯುತ್ತದೆ. ಹಾಗಾಗಿ ಮೊದಲ ಎರಡು ತಿಂಗಳು ಹೊಸಬ ಮಾಡಿದ ಪ್ರತಿ ಎಂಟ್ರಿಯನ್ನೂ ನಮ್ಮ ಹಿರಿಯ ಅಕೌಂಟೆಂಟ್ ಕೂತು ಮತ್ತೊಮ್ಮೆ ನೋಡಬೇಕು. ಒಬ್ಬರ ಕೆಲಸಕ್ಕೆ ಇಬ್ಬರ ಹೊತ್ತು ಹೋಗುತ್ತದೆ. ನನ್ನನ್ನೂ ಸೇರಿಸಿ ಐದು ಜನ ಇರುವ ಆಫೀಸಿನಲ್ಲಿ ಇದು ಸಣ್ಣ ಖರ್ಚಲ್ಲ.

ಇನ್ನೊಂದು ದಾರಿಯೂ ಇದೆ, ಅದನ್ನು ಯಾರೂ ಆಕ್ಷೇಪಿಸುವುದಿಲ್ಲ. ಊರಿನ ಕಂಪ್ಯೂಟರ್ ಸೆಂಟರ್‌ಗೆ ಹತ್ತಿಪ್ಪತ್ತು ಸಾವಿರ ಕಟ್ಟಿ ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಕೋರ್ಸ್ ಮಾಡುವುದು. ಎಂಜಿನಿಯರಿಂಗ್ ಮುಗಿಸಿದವರು ಬೆಂಗಳೂರಿನ ಬಿಟಿಎಂ, ಮಾರತ್ತಹಳ್ಳಿಗಳಲ್ಲಿ ಜಾವಾ, ಟೆಸ್ಟಿಂಗ್ ಎಂದು ಇದಕ್ಕಿಂತ ಹೆಚ್ಚು ಸುರಿಯುತ್ತಾರೆ. ಕಂಪ್ಯೂಟರ್ ಸೆಂಟರ್‌ನಲ್ಲಿ ಕೊಡುವ ಬಿಲ್ಲು ಎಕ್ಸ್‌ವೈಝಡ್ ಟ್ರೇಡರ್ಸ್‌ನದು. ಅದು ಯಾವತ್ತೂ ತಾಳೆಯಾಗುತ್ತದೆ. ನಮ್ಮಲ್ಲಿ ಬರುವ ಬಿಲ್ಲುಗಳಿಗೆ ಎಣ್ಣೆ ಮೆತ್ತಿರುತ್ತದೆ, ತಾರೀಕು ಅಳಿಸಿರುತ್ತದೆ, ವ್ಯಾಪಾರಿ ವಾಟ್ಸ್ಆ್ಯಪ್‌ನಲ್ಲಿ ಅರ್ಧ ಫೋಟೊ ಕಳಿಸಿ ‘ಅಡ್ಜಸ್ಟ್ ಮಾಡ್ರಿ’ ಅಂದಿರುತ್ತಾನೆ. ಅವನಿಗೆ ಇಲ್ಲ ಅನ್ನುವುದು ಹೇಗೆ, ಸಿಟ್ಟು ಬರಿಸದೆ ಅನ್ನುವುದು ಹೇಗೆ ಎಂಬುದು ಯಾವ ಕೋರ್ಸಿನಲ್ಲಿದೆ? ದುಡ್ಡು ಕೊಟ್ಟು ಕಲಿತರೆ ಶಿಕ್ಷಣ, ದುಡ್ಡು ಕೊಡದೆ ಕಲಿತರೆ ಶೋಷಣೆ ಎಂಬ ಲೆಕ್ಕ ನನಗಂತೂ ಟ್ಯಾಲಿ ಆಗುವುದಿಲ್ಲ.

ನಮ್ಮ ಎಷ್ಟೋ ವೃತ್ತಿಗಳು ನಿಂತಿರುವುದೇ ಹೀಗೆ. ಸಿಎ ಆಗಬೇಕಾದವರು ಆರ್ಟಿಕಲ್‌ಶಿಪ್ ಮಾಡಬೇಕು. ಮೂರು ವರ್ಷವಿದ್ದದ್ದು 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕಿಳಿದಿದೆ. ಅಲ್ಲಿ ಸಿಗುವ ಕನಿಷ್ಠ ಸ್ಟೈಪೆಂಡಿನಲ್ಲಿ ಹುಬ್ಬಳ್ಳಿಯಂಥ ಊರಲ್ಲೂ ರೂಮಿನ ಬಾಡಿಗೆ ಹುಟ್ಟುವುದಿಲ್ಲ. ಹೈಕೋರ್ಟಿನ ಧಾರವಾಡ ಪೀಠದಲ್ಲಿ ಹೊಸದಾಗಿ ಕರಿಕೋಟು ಹಾಕಿದವರು ಸೀನಿಯರ್ ಹಿಂದೆ ಫೈಲು ಹಿಡಿದು ಓಡಾಡಿಯೇ ಕಲಿಯಬೇಕು. ಇವನ್ನು ಯಾರೂ ಜೀತ ಎಂದು ಕರೆದಿಲ್ಲ.

ನನ್ನ ಮುಖ್ಯ ಮಾತು ಬೇರೆ. ಸಣ್ಣ ಊರಿನಲ್ಲಿ ನೇಮಕ ಹೇಗೆ ನಡೆಯುತ್ತದೆ ಎಂಬುದನ್ನು ದೊಡ್ಡ ಕಂಪನಿಗಳ ಕಣ್ಣಿಂದ ನೋಡುವವರು ಅರಿಯರು. ಇಲ್ಲಿ ಎಚ್‌ಆರ್ ಇಲ್ಲ, ಆಪ್ಟಿಟ್ಯೂಡ್ ಟೆಸ್ಟ್ ಇಲ್ಲ. ಕೊಪ್ಪಿಕರ್ ರಸ್ತೆಯ ಅಂಗಡಿಯವರೊಬ್ಬರು ಫೋನ್ ಮಾಡಿ, ‘ನಿಮ್ಮಲ್ಲಿ ಒಬ್ಬ ಹುಡುಗ ಇದ್ದನಲ್ರಿ, ಹೆಂಗದಾನ?’ ಎಂದು ಕೇಳುತ್ತಾರೆ. ‘ಚಲೋ ಅದಾನ, ಕೈ ಶುದ್ಧ’ ಎಂದು ನಾನು ಹೇಳಿದರೆ ನೇಮಕ ಮುಗಿಯಿತು. ಅಪ್ಪನಿಗೆ ಮಾರ್ಕೆಟ್ಟಿನಲ್ಲಿ ಪರಿಚಯವಿರುವ ಹುಡುಗನಿಗೆ ನನ್ನ ಮಾತು ಬೇಕಾಗಿಲ್ಲ. ಕುಂದಗೋಳದ, ಅಣ್ಣಿಗೇರಿಯ ರೈತನ ಮಗನಿಗೆ ಬೇಕು. ಅವನಿಗೆ ಆ ಒಂದು ವಾಕ್ಯ ಸಿಗುವುದು ಮೂರು ತಿಂಗಳು ನನ್ನ ಕಣ್ಣೆದುರು ಕೆಲಸ ಮಾಡಿದರೆ ಮಾತ್ರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಉಳಿದಿದೆ. ನವಲಗುಂದದಿಂದ ದಿನಾ ಬಂದು ಹೋಗಿ ಕೆಲಸ ಕಲಿತು, ಈಗ ಗೋಕುಲ ರಸ್ತೆಯ ಶೋರೂಮೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿರುವ ಹುಡುಗಿ ನನ್ನ ಕಣ್ಣ ಮುಂದಿದ್ದಾಳೆ.

ಬೇಲಿ ಬೇಕು, ಒಪ್ಪುತ್ತೇನೆ. ಮೂರು ತಿಂಗಳಿಗಿಂತ ಹೆಚ್ಚು ಪುಕ್ಕಟೆ ಇಟ್ಟುಕೊಳ್ಳಬಾರದು. ಒರಿಜಿನಲ್ ಮಾರ್ಕ್ಸ್ ಕಾರ್ಡು ತೆಗೆದಿಟ್ಟುಕೊಳ್ಳುವ ಚಟ ಕೆಲವರಿಗಿದೆ, ಅದು ನೀಚತನ. ಬಾಂಡ್ ಬರೆಸಿಕೊಳ್ಳಬಾರದು. ಮಧ್ಯೆ ಬೇರೆ ಕಡೆ ಕೆಲಸ ಸಿಕ್ಕರೆ ಅವತ್ತೇ ಹೋಗಲು ಬಿಡಬೇಕು. ಇಷ್ಟಿದ್ದ ಮೇಲೂ ಮೊದಲ ದಿನದಿಂದ ಪೂರ್ತಿ ಪಗಾರ ಕೊಡಲೇಬೇಕು ಎಂದು ಕಾನೂನು ಹಿಡಿದು ಬಂದರೆ ನಾನು ಏನು ಮಾಡುತ್ತೇನೆ ಎಂಬುದನ್ನು ನೇರವಾಗಿ ಹೇಳುತ್ತೇನೆ: ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತೇನೆ. ಬೇರೆಯವರು ಕಲಿಸಿಟ್ಟವರನ್ನು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕರೆದುಕೊಳ್ಳುತ್ತೇನೆ. ಎಲ್ಲರೂ ಹಾಗೇ ಮಾಡಿದರೆ ಕಲಿಸುವವರು ಯಾರು?

ವಿರೋಧ: ಪುಕ್ಕಟೆ ಬಂದವರಿಗೆ ಪಾಠ ಹೇಳುವವರು ಕಡಿಮೆ

ಆಡಿಟರ್ ಸಾಹೇಬರು ಹೇಳಿದ ಶಿಸ್ತು ಎಲ್ಲ ಆಫೀಸುಗಳಲ್ಲೂ ಇದ್ದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಆದರೆ ಒಬ್ಬ ಒಳ್ಳೆಯ ಮಾಲೀಕರನ್ನು ನಂಬಿಕೊಂಡು ಒಂದು ಪದ್ಧತಿಯನ್ನು ಸಮರ್ಥಿಸಲು ಬರುವುದಿಲ್ಲ. ಹೋಗಿ ಬಂದ ನಮ್ಮ ಹುಡುಗರನ್ನು ‘ಏನು ಕಲಿತೆ?’ ಎಂದು ಕೇಳಿದರೆ ಸಿಗುವ ಉತ್ತರಗಳೇ ಬೇರೆ: ಜೆರಾಕ್ಸ್ ಮಾಡಿಸಿದೆ, ಬ್ಯಾಂಕಿನ ಸರದಿಯಲ್ಲಿ ನಿಂತೆ, ಹಳೇ ಫೈಲಿಗೆ ನಂಬರ್ ಹಚ್ಚಿದೆ, ಸಾಹೇಬರ ಮಗನ ಶಾಲೆಯ ಪ್ರಾಜೆಕ್ಟ್ ಟೈಪ್ ಮಾಡಿದೆ. ಪತ್ರಿಕೋದ್ಯಮ ಓದಿದವಳು ಚಾನೆಲ್ಲಿಗೆ ಹೋಗಿ ಪೂರ್ತಿ ಮಳೆಗಾಲ ಬೇರೆಯವರ ಬೈಟ್ ಕೇಳಿ ಕೇಳಿ ಬರೆದುಕೊಟ್ಟಳು. ಒಂದು ಸುದ್ದಿಗೂ ಅವಳನ್ನು ಹೊರಗೆ ಕಳಿಸಲಿಲ್ಲ.

ಇದಕ್ಕೆ ಕಾರಣ ಕೆಟ್ಟತನವೇ ಆಗಬೇಕಿಲ್ಲ. ತಿಂಗಳಿಗೆ ಒಂಬತ್ತು ಸಾವಿರ ಕೊಡುವವನಿಗೆ ಆ ಒಂಬತ್ತು ಸಾವಿರ ದುಡಿದು ಬರಬೇಕೆಂಬ ಆತುರ ಇರುತ್ತದೆ, ಅದಕ್ಕಾಗಿ ಬೇಗ ಕಲಿಸುತ್ತಾನೆ. ಏನೂ ಕೊಡದವನಿಗೆ ಆತುರವೇ ಇಲ್ಲ. ಕಲಿಸಲು ಹೊತ್ತು ಹೋಗುತ್ತದೆ, ಖರ್ಚಿದೆ ಎಂದು ಸಾಹೇಬರೇ ಬರೆದಿದ್ದಾರೆ. ಖರ್ಚಿರುವ ಕೆಲಸವನ್ನು ಯಾವ ಒತ್ತಾಯವೂ ಇಲ್ಲದೆ ಎಷ್ಟು ಜನ ಮಾಡುತ್ತಾರೆ?

‘ಪಗಾರ ಬ್ಯಾಡ್ರಿ’ ಎಂದು ಅವರೇ ಹೇಳುತ್ತಾರಂತೆ. ಹೇಳದೆ ಏನು ಮಾಡುತ್ತಾರೆ? 2024ರ ನವೆಂಬರ್‌ನಲ್ಲಿ ಜೊಮಾಟೊ ಮುಖ್ಯಸ್ಥ ದೀಪಿಂದರ್ ಗೋಯಲ್ ಒಂದು ಹುದ್ದೆಗೆ ಕರೆ ಕೊಟ್ಟರು: ಮೊದಲ ವರ್ಷ ಸಂಬಳವಿಲ್ಲ, ಜೊತೆಗೆ ಸೇರುವವರೇ 20 ಲಕ್ಷ ರೂಪಾಯಿಯನ್ನು ಅವರ ಸೇವಾ ಸಂಸ್ಥೆಗೆ ಕೊಡಬೇಕು. ಹತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ದುಡ್ಡಿನ ಮಾತು ಜನರನ್ನು ಸೋಸಲು ಮಾತ್ರ ಎಂದು ಆಮೇಲೆ ಅವರೇ ಹೇಳಿದರೆನ್ನಿ. ಬಾಗಿಲ ಹೊರಗೆ ನಿಂತವರು ಯಾವ ಷರತ್ತಿಗೂ ಹೂಂ ಎನ್ನುತ್ತಾರೆ ಎಂಬುದಷ್ಟೇ ಅದರಿಂದ ಗೊತ್ತಾಗುವುದು. ಅವರು ಹೂಂ ಎಂದರೆಂದು ಷರತ್ತು ನ್ಯಾಯದ್ದಾಗಿಬಿಡುವುದಿಲ್ಲ. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆ ಎಂದರೆ ಬೇರೆ ದಾರಿ ಇಲ್ಲದ ಬಡತನವೇ ಅವನನ್ನು ದೂಡಿದೆ, ಅದೂ ಬಲವಂತದ ದುಡಿಮೆಯೇ. ಡಿಗ್ರಿ ಹುಡುಗರು ಕಲ್ಲು ಹೊರುವುದಿಲ್ಲ ನಿಜ. ಆದರೆ ಒಪ್ಪಿಗೆಯ ಹಿಂದೆ ಏನಿದೆ ಎಂದು ನೋಡುವ ಆ ಕ್ರಮ ಇಲ್ಲಿಗೂ ಬೇಕು.

ಈಗ ದುಡ್ಡಿನ ಮಾತು. ನಮ್ಮ ಕಾಲೇಜಿಗೆ ಬರುವವರು ಯಾರು? ಎರಡೆಕರೆ ಒಣಬೇಸಾಯದವರ, ಎಪಿಎಂಸಿ ಹಮಾಲರ, ನೇಕಾರರ ಮಕ್ಕಳು. ಕಾಲೇಜು ಇರುವವರೆಗೆ ಹುಡುಗರಿಗೆ ವಿದ್ಯಾರ್ಥಿ ಪಾಸ್ ಇತ್ತು. ಡಿಗ್ರಿ ಮುಗಿಯಿತು, ಪಾಸೂ ಮುಗಿಯಿತು. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ದಿನಾ ಹೋಗಿಬರುವ ಚಾರ್ಜು, ಮಧ್ಯಾಹ್ನದ ಊಟ ಸೇರಿದರೆ ಕೆಲಸ ಮಾಡಿದ್ದಕ್ಕೆ ಅವನೇ ಕೈಯಿಂದ ಕೊಟ್ಟಂತಾಯಿತು. ಬೆಂಗಳೂರಾದರೆ ಪಿಜಿಗೇ ತಿಂಗಳಿಗೆ ಏಳೆಂಟು ಸಾವಿರ ಬೇಕು. ಆ ಮೂರು ತಿಂಗಳನ್ನು ತಡೆದುಕೊಳ್ಳಬಲ್ಲವರು ಮನೆಯಲ್ಲಿ ಒಂದು ಸರ್ಕಾರಿ ಪಗಾರ ಬರುವವರು. ಪರಿಚಯ ಇಲ್ಲದವನಿಗೆ ಪುಕ್ಕಟೆ ಕೆಲಸವೇ ಬಾಗಿಲು ಎನ್ನುತ್ತಾರೆ ಸಾಹೇಬರು. ಆ ಬಾಗಿಲ ತನಕ ಬರುವುದಕ್ಕೂ ದುಡ್ಡು ಬೇಕು, ಪರಿಚಯ ಇಲ್ಲದವನ ಹತ್ತಿರ ಸಾಮಾನ್ಯವಾಗಿ ದುಡ್ಡೂ ಇರುವುದಿಲ್ಲ.

ಹುಡುಗಿಯರಿಗೆ ಬಸ್ಸು ಉಚಿತ, ಸರಿ. ಆದರೆ ಹುಡುಗಿಯರ ವಿಷಯದಲ್ಲಿ ಪಗಾರಕ್ಕೆ ಇನ್ನೊಂದು ಬೆಲೆ ಇದೆ, ಅದು ಗಂಡಸರಿಗೆ ಬೇಗ ಕಾಣುವುದಿಲ್ಲ. ಡಿಗ್ರಿ ಮುಗಿದ ಕೂಡಲೇ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತದೆ. ತಿಂಗಳಿಗೆ ಎಂಟು ಸಾವಿರ ತಂದು ಅವ್ವನ ಕೈಗೆ ಕೊಡುವ ಹುಡುಗಿ ‘ಇನ್ನೊಂದು ವರ್ಷ ತಡೀರಿ’ ಎಂದರೆ ಮನೆಯವರು ಕೇಳುತ್ತಾರೆ. ಪುಕ್ಕಟೆ ಹೋಗಿಬರುವವಳಿಗೆ ಅಜ್ಜಿ ಕೇಳುವ ಪ್ರಶ್ನೆ ಒಂದೇ: ‘ರೊಕ್ಕ ಇಲ್ಲದ ಕೆಲಸಕ್ಕ ದಿನಾ ಅಷ್ಟು ದೂರ ಯಾಕ ಹೋಗಬೇಕವ್ವಾ?’ ಅದಕ್ಕೆ ನಮ್ಮ ಹುಡುಗಿಯರ ಹತ್ತಿರ ಉತ್ತರವಿಲ್ಲ. ಮೂರು ತಿಂಗಳು ಮುಗಿಯುವ ಮುಂಚೆಯೇ ನಿಶ್ಚಯವಾಗಿ ಹೋದವರನ್ನು ನೋಡಿದ್ದೇನೆ.

ಸಿಎ ಆರ್ಟಿಕಲ್‌ಶಿಪ್ಪಿನ ಉದಾಹರಣೆ ಸಾಹೇಬರ ಪಕ್ಷಕ್ಕಿಂತ ನನ್ನ ಪಕ್ಷಕ್ಕೇ ಹೆಚ್ಚು ಹೊಂದುತ್ತದೆ. ಅಲ್ಲಿ ಸ್ಟೈಪೆಂಡ್ ಕಡಿಮೆ ಇರಬಹುದು, ಕೊಡುವುದು ಕಡ್ಡಾಯ. ಸಂಸ್ಥೆಯಲ್ಲಿ ನೋಂದಣಿ ಇದೆ, ಅವಧಿ ಗೊತ್ತಿದೆ, ಕೊನೆಗೊಂದು ಪದವಿ ಇದೆ. ವಕೀಲರದ್ದಂತೂ ಕೇಳಲೇಬೇಡಿ, ಕಿರಿಯರಿಗೆ ನಗರದಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ರೂಪಾಯಿಯಾದರೂ ಕೊಡಿ ಎಂದು 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತೇ ಶಿಫಾರಸು ಮಾಡಬೇಕಾಯಿತು. ಎಲ್ಲ ಚೆನ್ನಾಗಿದ್ದರೆ ಆ ಸುತ್ತೋಲೆ ಯಾಕೆ ಹೊರಟಿತು?

ಪುಕ್ಕಟೆ ದುಡಿದು ಬಂದವರ ಅನುಭವವನ್ನು ಅನುಭವವೆಂದು ಯಾರು ಒಪ್ಪುತ್ತಾರೆ ಎಂಬುದೂ ಇದೆ. ಕೊಪ್ಪಿಕರ್ ರಸ್ತೆಯ ಅಂಗಡಿಗೆ ಒಂದು ಫೋನ್ ಸಾಕು. ಆದರೆ ಅದೇ ಹುಡುಗ ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕಿದರೆ ಅವರು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುತ್ತಾರೆ. ಪೇ ಸ್ಲಿಪ್ ಎಲ್ಲಿ, ಬ್ಯಾಂಕಿಗೆ ಸಂಬಳ ಬಿದ್ದ ದಾಖಲೆ ಎಲ್ಲಿ, ಪಿಎಫ್‌ನ ಯುಎಎನ್‌ನಲ್ಲಿ ಏನಿದೆ ಎಂದು ಕೇಳುತ್ತಾರೆ. ನಕಲಿ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಮಾರುವ ಕನ್ಸಲ್ಟೆನ್ಸಿಗಳು ಅಷ್ಟು ಹಬ್ಬಿರುವುದರಿಂದ ಲೆಟರ್‌ಹೆಡ್ಡಿನ ಮೇಲಿನ ನಾಲ್ಕು ಸಾಲನ್ನು ಅವರು ನಂಬುವುದಿಲ್ಲ. ಪ್ರಾಮಾಣಿಕವಾಗಿ ದುಡಿದ ಹುಡುಗನೂ ದುಡ್ಡು ಕೊಟ್ಟು ಕಾಗದ ಕೊಂಡವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಇನ್ನೂ ಕೆಳಗಿನ ಮೆಟ್ಟಿಲೊಂದಿದೆ. ವಿಟಿಯು ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಡಿಗ್ರಿ ಕಾಲೇಜುಗಳಲ್ಲೂ ಹಲವು ಕೋರ್ಸುಗಳಲ್ಲಿ ಬಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಇಷ್ಟು ಮಕ್ಕಳಿಗೆ ಜಾಗ ಎಲ್ಲಿದೆ? ತಲೆಗೆ ಇಷ್ಟು ಎಂದು ಫೀಸು ತೆಗೆದುಕೊಂಡು, ಆನ್‌ಲೈನ್ ವಿಡಿಯೊ ತೋರಿಸಿ, ಕೊನೆಗೆ ಹೊಳೆಯುವ ಸೀಲಿನ ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಎದ್ದಿವೆ. ಅವರ ಏಜೆಂಟರು ನಮ್ಮ ಸ್ಟಾಫ್ ರೂಮಿಗೂ ಬರುತ್ತಾರೆ. ಮೊದಲ ಕೆಲಸದ ಬೆಲೆ ಸೊನ್ನೆ ಎಂದು ಎಲ್ಲರೂ ಒಪ್ಪಿಕೊಂಡ ಮೇಲೆ, ಸೊನ್ನೆಯ ಕೆಳಗೆ ಯಾಕೆ ಇಳಿಯಬಾರದು ಎಂದು ಒಬ್ಬನಿಗೆ ಹೊಳೆದೇ ಹೊಳೆಯುತ್ತದೆ.

ಹಾಗಾದರೆ ಕಲಿಸುವ ಖರ್ಚನ್ನು ಯಾರು ಕೊಡಬೇಕು? ಈ ಜಗಳದ ನಿಜವಾದ ಪ್ರಶ್ನೆ ಇದು. ಸಾಹೇಬರ ಉತ್ತರ, ಹುಡುಗ ಕೊಡಲಿ, ಫೀಸಿನ ರೂಪದಲ್ಲೋ ಪುಕ್ಕಟೆ ದುಡಿಮೆಯ ರೂಪದಲ್ಲೋ. ನನ್ನ ಉತ್ತರ, ದುಡಿಸಿಕೊಳ್ಳುವವರು ಅರ್ಧ, ಬರೀ ಡಿಗ್ರಿ ಕೊಟ್ಟು ಕಳಿಸಿದ ಸರ್ಕಾರ ಅರ್ಧ. ಇದು ನನ್ನ ಕನಸೇನಲ್ಲ, ಪುಸ್ತಕದಲ್ಲಿರುವ ಕಾನೂನು. ಅಪ್ರೆಂಟಿಸ್ ಎಂದರೆ ಎಚ್ಎಎಲ್, ಬಿಇಎಲ್‌ಗಳಲ್ಲಿ ಐಟಿಐ ಹುಡುಗರು ಎಂದೇ ನಮ್ಮ ಕಡೆ ತಿಳಿದಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆ ಪದವೀಧರರಿಗೂ ಅನ್ವಯಿಸುತ್ತದೆ, ಬಿ.ಎ., ಬಿ.ಕಾಂ. ಆದವರಿಗೂ. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿಯಾಯಿತು. ಅದನ್ನು ಏರಿಸುವ ಶಿಫಾರಸು 2025ರಲ್ಲಿ ಆಗಿದೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕು ಜನರಿರುವ ಸಂಸ್ಥೆಯೂ ಬೇಕೆಂದರೆ ತೆಗೆದುಕೊಳ್ಳಬಹುದು. ಅಪ್ರೆಂಟಿಸ್‌ಗಳಿಗಾಗಿಯೇ ಇರುವ ಎನ್ಎಟಿಎಸ್ ಯೋಜನೆಯಲ್ಲಿ ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಐದು ಜನರ ಆಫೀಸಿನ ಸಾಹೇಬರ ಕೈಯಿಂದ ಹೋಗುವುದು 4,500 ರೂಪಾಯಿ. ಅಪ್ರೆಂಟಿಸ್‌ಗೆ ಪಿಎಫ್ ಇರುವುದಿಲ್ಲ ನಿಜ, ಆದರೆ ನೋಂದಾಯಿತ ಒಪ್ಪಂದ ಇರುತ್ತದೆ, ಬ್ಯಾಂಕಿಗೆ ದುಡ್ಡು ಬಿದ್ದಿರುತ್ತದೆ, ಕೊನೆಗೆ ಸಿಗುವ ಪ್ರಮಾಣಪತ್ರವನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ನಮ್ಮ ರಾಜ್ಯ ಸರ್ಕಾರವೂ ಖರ್ಚು ಮಾಡುತ್ತಲೇ ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಪಾಸಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು ಎಂಬುದು ಷರತ್ತು. ಕಾಯ್ದು ಕೂತವರಿಗೆ ಕೊಡುವ ಆ ಹಣವನ್ನೇ ಸಣ್ಣ ಊರಿನ ಸಣ್ಣ ಆಫೀಸಿನಲ್ಲಿ ಕಲಿಯುವವರ ಸ್ಟೈಪೆಂಡಿಗೆ ಸೇರಿಸಿದ್ದರೆ ಏನಾಗುತ್ತಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಮರುಮಾತು: ಪರ

ಮೇಡಂ ಲೆಕ್ಕ ಸರಿ ಇದೆ, ಅದರಲ್ಲಿ ತಕರಾರಿಲ್ಲ. ಎನ್ಎಟಿಎಸ್ ಬಗ್ಗೆ ನಮ್ಮ ಅಸೋಸಿಯೇಷನ್ನಿನಲ್ಲಿ ವಿಚಾರಿಸಿದೆ, ಅರ್ಧ ಜನರಿಗೆ ಹೆಸರೇ ಗೊತ್ತಿಲ್ಲ. ಗೊತ್ತಿದ್ದವರ ಅಡ್ಡಿ ದುಡ್ಡಿಗಿಂತ ಒಪ್ಪಂದದ ಬಗ್ಗೆ. ಒಂದು ವರ್ಷದ ಕಾಗದಕ್ಕೆ ಸಹಿ ಹಾಕಬೇಕು, ಅದೂ ಮುಖ ನೋಡಿ ಹತ್ತು ನಿಮಿಷವಾದ ಹುಡುಗನ ಮೇಲೆ. ಅವನು ಪೊಲೀಸ್ ಕಾನ್ಸ್‌ಟೆಬಲ್ ಪರೀಕ್ಷೆಗೆ, ವಿಎಗೆ, ಎಫ್‌ಡಿಎಗೆ ಅರ್ಜಿ ಹಾಕಿರುತ್ತಾನೆ. ಧಾರವಾಡದ ಕೋಚಿಂಗ್ ಸೆಂಟರ್‌ನಲ್ಲಿ ಸೀಟು ಸಿಕ್ಕ ದಿನ ಹೇಳದೆ ಹೋಗುತ್ತಾನೆ. ಪುಕ್ಕಟೆಯ ಮೊದಲ ದಿನಗಳು ನನಗೆ ಅವನನ್ನು ನೋಡುವುದಕ್ಕೆ, ಅವನಿಗೆ ನನ್ನನ್ನು ನೋಡುವುದಕ್ಕೆ.

ಪಗಾರ ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬುದನ್ನೂ ನಾನು ಒಪ್ಪಲಾರೆ. ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್ಸಿನಲ್ಲಿ 2025ರ ಫೆಬ್ರುವರಿಯಲ್ಲಿ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳು ಒಳಪರೀಕ್ಷೆ ಪಾಸಾಗಲಿಲ್ಲವೆಂದು ಹೊರಗೆ ಹೋಗಬೇಕಾಯಿತು; ಆಫರ್ ಲೆಟರ್ ಹಿಡಿದು ಬಹಳ ಕಾಲ ಕಾದು ಬಂದವರೂ ಅವರಲ್ಲಿದ್ದರು. ಅಷ್ಟು ದೊಡ್ಡ ಸಂಸ್ಥೆ, ಅಷ್ಟು ದೊಡ್ಡ ತರಬೇತಿ ಕೇಂದ್ರ, ಪಗಾರವೂ ಇತ್ತು. ಕೇಂದ್ರದ ಪಿಎಂ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಬಂತು, ದೊಡ್ಡ 500 ಕಂಪನಿಗಳಲ್ಲಿ ತಿಂಗಳಿಗೆ 5,000 ರೂಪಾಯಿ. ಮೊದಲ ಸುತ್ತಿನಲ್ಲಿ ಕರೆ ಸಿಕ್ಕವರಲ್ಲಿ ಸೇರಿದವರು ಸ್ವಲ್ಪವೇ. ಊರು ಬಿಟ್ಟು ದೂರ ಹೋಗಿ ಐದು ಸಾವಿರದಲ್ಲಿ ಬದುಕುವುದಕ್ಕಿಂತ ಹತ್ತಿರದಲ್ಲಿ ಕಲಿಯುವುದು ಮೇಲು ಎಂದು ಹುಡುಗರೇ ತೀರ್ಮಾನಿಸಿದ ಹಾಗಿದೆ. ಬಸ್ ಚಾರ್ಜು ಮತ್ತು ಊಟ ನಾನು ಕೊಡಬೇಕು ಎಂದರೆ ಕೊಡುತ್ತೇನೆ, ಮೊದಲ ದಿನದಿಂದಲೇ. ಅದರ ಮೇಲೆ ಹೋಗುವುದಕ್ಕೆ ನನಗೂ ಸಮಯ ಬೇಕು.

ಮರುಮಾತು: ವಿರೋಧ

ಬಸ್ ಚಾರ್ಜಿನಿಂದ ಮಾತು ಶುರುವಾಯಿತಲ್ಲ, ಅಷ್ಟರಮಟ್ಟಿಗೆ ಸಂತೋಷ. ಹೇಳದೆ ಹೋಗುತ್ತಾರೆ ಎಂಬುದು ನಿಜ. ಪಗಾರ ಇಲ್ಲದ ಕಡೆಯಿಂದ ಇನ್ನೂ ಬೇಗ ಹೋಗುತ್ತಾರೆ, ಕಳೆದುಕೊಳ್ಳಲು ಏನಿದೆ? ಇನ್ಫೊಸಿಸ್‌ನಿಂದ ಹೊರಬಂದವರ ಹತ್ತಿರ ಅಷ್ಟು ತಿಂಗಳ ಪೇ ಸ್ಲಿಪ್ ಆದರೂ ಇದೆ. ಪಿಎಂ ಇಂಟರ್ನ್‌ಶಿಪ್ಪಿಗೆ ಜನ ಹೋಗದಿದ್ದುದನ್ನು ನಾನು ಬೇರೆ ಥರ ಓದುತ್ತೇನೆ: ಐದು ಸಾವಿರಕ್ಕೇ ಮನೆ ಬಿಡಲಾಗದವರು ಸೊನ್ನೆಗೆ ಹೇಗೆ ಬಿಟ್ಟಾರು?

ಒಬ್ಬರನ್ನೊಬ್ಬರು ನೋಡಲು ಹೊತ್ತು ಬೇಕೆಂದರೆ ಎರಡು ವಾರ ಸಾಕು. ಎರಡು ವಾರ ನೋಡಿ, ಬೇಡವಾದರೆ ಬೇಡ ಎನ್ನಿ. ಹದಿನೈದನೆಯ ದಿನದಿಂದ ಲೆಕ್ಕ ಶುರುವಾಗಲಿ. ಇನ್ನೊಂದು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕೆಲಸಕ್ಕೆ ಇಟ್ಟುಕೊಂಡವರಿಗೆಲ್ಲ ನೇಮಕ ಪತ್ರ ಕೊಡಬೇಕು ಎನ್ನುತ್ತವೆ. ‘ಕಲಿಯಲು ಬಂದವನು, ಕೆಲಸದವನಲ್ಲ’ ಎಂದು ಎಷ್ಟು ದಿನ ಹೇಳಬಹುದು ಎಂಬುದನ್ನು ನಿಮ್ಮ ಅಸೋಸಿಯೇಷನ್ನಿನ ಮುಂದಿನ ಮೀಟಿಂಗಿನಲ್ಲಿ ಎತ್ತಿ.

ಪೋರ್ಟಲ್ ನೋಂದಣಿ, ತಿಂಗಳ ಹಾಜರಿ ಅಪ್‌ಲೋಡ್ ಇವೆಲ್ಲ ತಲೆನೋವು ಎಂದು ನೀವು ಬರೆಯದಿದ್ದರೂ ಮನಸ್ಸಿನಲ್ಲಿದೆ ಎಂದು ಗೊತ್ತು. ಇಡೀ ಮಾರ್ಕೆಟ್ಟಿನ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಇದೊಂದು ಭಾರವೆ? ಆಗಲಿ, ನಮ್ಮ ಕಾಲೇಜಿನ ಕಡೆಯ ಕಾಗದಪತ್ರ ನಾನೇ ಮಾಡಿಸಿಕೊಡುತ್ತೇನೆ. ನಿಮ್ಮ ಕಡೆಯದಕ್ಕೆ 20ನೇ ತಾರೀಕು ಕಳೆದ ಮೇಲೆ ಯಾವ ದಿನ ಬಂದು ಕೂರಲಿ, ತಿಳಿಸಿ.